ಒಂದು ‘ಎಚ್’ ಅಕ್ಷರಕ್ಕೆ ಫೈಲು ವಾಪಸ್

“55 ದಾಟಿತೇ? ದುಬೈಯಲ್ಲಿ ಐದು ವರ್ಷದ ನಿವೃತ್ತಿ ವೀಸಾ. ಪಾಸ್‌ಪೋರ್ಟ್ ಕಾಪಿ ಕಳಿಸಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ.” ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಪೋಸ್ಟರು ಮತ್ತೆ ಮತ್ತೆ ಬರುತ್ತದೆ. ಓದಿದಾಗಲೆಲ್ಲ ಮೈ ಉರಿಯುತ್ತದೆ. ಉಳಿದದ್ದನ್ನು ಯಾರೂ ನೋಡಿಕೊಳ್ಳುವುದಿಲ್ಲ ಮಾರಾಯ್ರೇ! ಅರುವತ್ತು ದಾಟಿದ ಗಂಡ ಹೆಂಡತಿ ಪಂಚಾಯತು, ವಿಲೇಜ್ ಆಫೀಸು, ಸರಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರ, ಬ್ಯಾಂಕು ಅಂತ ತಿಂಗಳುಗಟ್ಟಲೆ ಅಲೆದು ಸುಸ್ತಾಗುವುದು ಆ ‘ಉಳಿದದ್ದ’ರಲ್ಲಿಯೇ.

ಯೌವನವೆಲ್ಲ ಅಲ್ಲಿ ದುಡಿದು, ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ನೆಲೆಸಿರುವಾಗ ಕೊನೆಗಾಲವನ್ನು ಅವರ ಹತ್ತಿರ ಕಳೆಯಬೇಕು ಅಂತ ಆಸೆಪಡುವುದು ತಪ್ಪಲ್ಲ. ದುಬೈಯವರು ಇಟ್ಟ ಷರತ್ತೂ ಗುಟ್ಟಿನದ್ದಲ್ಲ. ವಯಸ್ಸು 55 ಆಗಿರಬೇಕು. ತಿಂಗಳಿಗೆ 15,000 ದಿರ್ಹಂ ಆದಾಯ ತೋರಿಸಬೇಕು, ಇಲ್ಲವೇ 10 ಲಕ್ಷ ದಿರ್ಹಂ ಮೂರು ವರ್ಷದ ಠೇವಣಿಯಲ್ಲಿರಬೇಕು, ಇಲ್ಲವೇ ಅಷ್ಟೇ ಬೆಲೆಯ ಆಸ್ತಿ ಇರಬೇಕು. ಐದು ಲಕ್ಷ ಠೇವಣಿ, ಐದು ಲಕ್ಷದ ಆಸ್ತಿ ಹೀಗೆ ಕೂಡಿಸಿದರೂ ಆಗುತ್ತದೆ. ಯುಎಇಯ ಬೇರೆ ಎಮಿರೇಟುಗಳಲ್ಲಿ ತಿಂಗಳಿಗೆ ಕನಿಷ್ಠ 20,000 ದಿರ್ಹಂ ಆದಾಯ ಬೇಕು. ಜೊತೆಗೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಆರೋಗ್ಯ ವಿಮೆ. ಇಷ್ಟನ್ನೇ ಪೋಸ್ಟರಿನಲ್ಲಿ ಬರೆದರೆ ಅರ್ಧಕ್ಕರ್ಧ ಜನ ಅಡ್ವಾನ್ಸ್ ಕೊಡದೆ ಮನೆಯಲ್ಲೇ ಉಳಿಯುತ್ತಿದ್ದರು. 15,000 ದಿರ್ಹಂ ಅಂದರೆ ತಿಂಗಳಿಗೆ ಮೂರೂವರೆ ಲಕ್ಷ ರೂಪಾಯಿಗೂ ಮೇಲೆ. ಶಾಲೆಯಿಂದ ನಿವೃತ್ತರಾದ ಮೇಷ್ಟ್ರ ಪೆನ್ಶನ್ನಿನಲ್ಲಿ ಅದು ಹೇಗೆ ಸಾಧ್ಯ? ಅವರ ಕೈಯಿಂದಲೂ ದುಡ್ಡು ಕಿತ್ತುಕೊಂಡು “ಟ್ರೈ ಮಾಡೋಣ ಸರ್” ಅನ್ನುವುದು ಮೋಸವೇ ಹೊರತು ಬೇರೇನಲ್ಲ.

ಇರಲಿ, ದುಡ್ಡು ಇರುವವರ ಕಥೆಯನ್ನೇ ತೆಗೆದುಕೊಳ್ಳಿ. ಅವರನ್ನು ಮುಳುಗಿಸುವುದು ಬ್ಯಾಂಕಿನ ಕೌಂಟರು.

ಗಲ್ಫ್ ಬಿಟ್ಟು ಊರಿಗೆ ಬಂದವರು ಎನ್‌ಆರ್‌ಇ ಖಾತೆಯನ್ನು, ಅಂದರೆ ಹೊರದೇಶದಲ್ಲಿದ್ದಾಗ ಅಲ್ಲಿಯ ದುಡಿಮೆಯನ್ನು ಇಲ್ಲಿ ಇಡುವ ಖಾತೆಯನ್ನು, ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಆಗ ಎರಡು ದಾರಿ ಇರುತ್ತದೆ. ಒಂದು, ಅದನ್ನು ಸಾಮಾನ್ಯ ರೆಸಿಡೆಂಟ್ ಖಾತೆ ಮಾಡುವುದು. ಇನ್ನೊಂದು, ಹಣವನ್ನು ಆರ್‌ಎಫ್‌ಸಿ ಖಾತೆಗೆ, ಅಂದರೆ ಊರಿಗೆ ಮರಳಿದವರು ವಿದೇಶಿ ಕರೆನ್ಸಿಯಲ್ಲೇ ಇಡಬಹುದಾದ ಖಾತೆಗೆ ಹಾಕುವುದು. ಆರ್‌ಎಫ್‌ಸಿಯಲ್ಲಿ ಇದ್ದ ಹಣವನ್ನು ನಾಳೆ ಮತ್ತೆ ಹೊರದೇಶಕ್ಕೆ ಕಳಿಸಲು ವಾರ್ಷಿಕ ಮಿತಿಯ ತಡೆ ಇಲ್ಲ. ರೆಸಿಡೆಂಟ್ ಖಾತೆಗೆ ಹೋಯಿತೋ, ಆ ಬಾಗಿಲು ಮುಚ್ಚಿತು. ಆಯ್ಕೆ ಮಾಡುವ ಅಧಿಕಾರ ಖಾತೆದಾರನದ್ದು. ಆದರೆ ಕೌಂಟರಿನಲ್ಲಿ ಒಂದು ಫಾರ್ಮ್ ಮುಂದಿಟ್ಟು “ಇಲ್ಲಿ ಸೈನ್ ಮಾಡಿ” ಅನ್ನುತ್ತಾರೆ, ಆರ್‌ಎಫ್‌ಸಿ ಎಂಬ ಹೆಸರನ್ನೇ ಎತ್ತುವುದಿಲ್ಲ. ಜೀವಮಾನದ ಗಳಿಕೆಯ ದಿಕ್ಕು ಬದಲಿಸುವ ಸಹಿ ಅದು. ಅದನ್ನು ಬಿಡಿಸಿ ಹೇಳಲು ಐದು ನಿಮಿಷ ಸಾಕು, ಆ ಐದು ನಿಮಿಷವನ್ನೂ ಗ್ರಾಹಕನಿಗೆ ಕೊಡಲಾಗದಿದ್ದರೆ ಆ ಕುರ್ಚಿಯಲ್ಲಿ ಕೂರುವುದು ಯಾಕೆ? ಎಫ್‌ಸಿಎನ್‌ಆರ್ ಠೇವಣಿ, ಅಂದರೆ ಹೊರದೇಶದಲ್ಲಿದ್ದಾಗ ವಿದೇಶಿ ಕರೆನ್ಸಿಯಲ್ಲೇ ಇಟ್ಟ ಠೇವಣಿ ಇದ್ದವರು ಅವಧಿ ಮುಗಿಯುವ ತನಕ ಅದನ್ನು ಮುಂದುವರಿಸಿ, ಆಮೇಲೆ ಆರ್‌ಎಫ್‌ಸಿಗೆ ಹಾಕಬಹುದು. ಅದನ್ನೂ ಹೇಳುವವರಿಲ್ಲ.

ಹಣ ರೆಸಿಡೆಂಟ್ ಖಾತೆಗೆ ಹೋದ ಮೇಲೆ ಉಳಿಯುವುದು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ದಾರಿ, ಅಂದರೆ ಊರಲ್ಲಿ ನೆಲೆಸಿದವರು ಹೊರದೇಶಕ್ಕೆ ಹಣ ಕಳಿಸುವ ಯೋಜನೆ. ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ಮಿತಿ. ಲೆಕ್ಕ ಹಾಕಿ ನೋಡಿ. ಒಂದು ಡಾಲರಿಗೆ 3.6725 ದಿರ್ಹಂ ಅಂತ ದರ ಕಟ್ಟಿಟ್ಟದ್ದು. 10 ಲಕ್ಷ ದಿರ್ಹಂ ಅಂದರೆ 2,72,294 ಡಾಲರ್. ಮಿತಿಗಿಂತ 22,294 ಹೆಚ್ಚು! ಒಬ್ಬರೇ ಆ ಠೇವಣಿಯನ್ನು ಒಂದೇ ವರ್ಷದಲ್ಲಿ ಕಳಿಸಲು ಆಗುವುದೇ ಇಲ್ಲ. ಮಾರ್ಚ್ 31ರ ಒಳಗೆ ಒಂದು ಕಂತು, ಏಪ್ರಿಲ್ 1ರ ನಂತರ ಇನ್ನೊಂದು ಕಂತು ಅಂತ ಮೊದಲೇ ಯೋಜನೆ ಹಾಕಬೇಕು. ಹೆಂಡತಿಯ ಮಿತಿಯನ್ನೂ ಸೇರಿಸಿ ಆಸ್ತಿ ಕೊಳ್ಳುವುದಾದರೆ ಆಸ್ತಿ ಇಬ್ಬರ ಹೆಸರಿನಲ್ಲೂ ಇರಬೇಕು. ಜೂನಿನಲ್ಲಿ ಕೆಲಸ ಶುರುಮಾಡಿ ಪೂರ್ತಿ ಮೊತ್ತ ಒಟ್ಟಿಗೆ ಕಳಿಸಲು ಹೊರಟವರು ಮುಂದಿನ ಏಪ್ರಿಲ್ ತನಕ ಕಾಯುತ್ತಾ ಕೂರುತ್ತಾರೆ. ಅಷ್ಟರಲ್ಲಿ ಮಾಡಿಸಿಟ್ಟ ಬ್ಯಾಂಕ್ ಸ್ಟೇಟ್‌ಮೆಂಟು ಹಳತಾಗಿ ಹೋಗಿರುತ್ತದೆ.

ಅದರ ಮೇಲೆ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕಿನವರು ಮುಂಗಡವಾಗಿ ಹಿಡಿಯುವ ತೆರಿಗೆ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ, ಓದು ಮತ್ತು ಚಿಕಿತ್ಸೆ ಬಿಟ್ಟು ಇಂಥ ಉದ್ದೇಶಗಳಿಗೆ, ಶೇಕಡಾ 20. ಎರಡು ಕೋಟಿ ಕಳಿಸಿದರೆ 38 ಲಕ್ಷ ರೂಪಾಯಿ ಬ್ಯಾಂಕಿನವರು ಬೇರೆಯಾಗಿ ವಸೂಲು ಮಾಡುತ್ತಾರೆ. ಅದು ಕಳೆದುಹೋಗುವ ಹಣವಲ್ಲ, ರಿಟರ್ನ್ ಸಲ್ಲಿಸಿದ ಮೇಲೆ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆ ಅಥವಾ ವಾಪಸ್ ಬರುತ್ತದೆ. ಆದರೆ ಅಲ್ಲಿಯ ತನಕ? ಎಣ್ಮಕಜೆಯಲ್ಲೋ ಬೆಳ್ಳೂರಿನಲ್ಲೋ ಅಡಿಕೆ ತೋಟ ಮಾರಿದವರನ್ನು ನೆನೆಸಿಕೊಳ್ಳಿ. ಪೇಟೆಯಿಂದ ದೂರದ ಹಳ್ಳಿಯ ಕೃಷಿಭೂಮಿ ಮಾರಿದ ಹಣಕ್ಕೆ ಆದಾಯ ತೆರಿಗೆಯೇ ಇಲ್ಲ. ತೆರಿಗೆ ಇಲ್ಲದ ಹಣವನ್ನು ಕಳಿಸುವಾಗಲೂ ಐದನೇ ಒಂದು ಪಾಲನ್ನು ಒತ್ತೆ ಇಟ್ಟು ಹೋಗಬೇಕು. ಠೇವಣಿಗೆ ಸರಿಯಾಗಿ ಹಣ ಹೊಂದಿಸಿದವರು ಕೊನೆಯ ಗಳಿಗೆಯಲ್ಲಿ ಈ 38 ಲಕ್ಷವನ್ನು ಎಲ್ಲಿಂದ ತರಬೇಕು? ಇದನ್ನು ಮುಂಚಿತವಾಗಿ ಹೇಳಿದ ಏಜೆಂಟ್ ಒಬ್ಬನಿದ್ದರೆ ಅವನಿಗೆ ಕೈಮುಗಿಯಬೇಕು.

ಇನ್ನು ಕಾಗದಪತ್ರ. ಕಾಸರಗೋಡಿನ ಕನ್ನಡಿಗರು ನಿಜವಾಗಿ ಬೇಯುವುದು ಇಲ್ಲಿ.

ಗಂಡನ ವೀಸಾದಲ್ಲಿ ಹೆಂಡತಿ ಹೋಗಬೇಕಾದರೆ ಮದುವೆ ಸರ್ಟಿಫಿಕೇಟ್ ಬೇಕು. ನಲುವತ್ತು ವರ್ಷದ ಹಿಂದೆ ದೇವಸ್ಥಾನದಲ್ಲೋ ಮನೆಯ ಚಪ್ಪರದಲ್ಲೋ ಧಾರೆಯಾದವರಲ್ಲಿ ಎಷ್ಟು ಜನ ಅದನ್ನು ಮಾಡಿಸಿದ್ದಾರೆ? ಕೇರಳದಲ್ಲಿ ಎಲ್ಲ ಧರ್ಮದವರ ಮದುವೆಗೂ ನೋಂದಣಿ ಕಡ್ಡಾಯ ಮಾಡಿದ ನಿಯಮ ಬಂದದ್ದೇ 2008ರಲ್ಲಿ. ಹಳೆಯ ಮದುವೆಯನ್ನು ಈಗಲೂ ನೋಂದಾಯಿಸಬಹುದು, ಆದರೆ ಮದುವೆ ನಡೆದ ಜಾಗದ ಪಂಚಾಯತಿನಲ್ಲೇ ಆಗಬೇಕು. ವಯಸ್ಸಿನ ದಾಖಲೆ, ಫೋಟೋ, ಇಬ್ಬರು ಸಾಕ್ಷಿಗಳು, ದೇವಸ್ಥಾನದ ಪತ್ರ ಬೇಕು. ಆ ಪತ್ರ ಸಿಗದಿದ್ದರೆ ಗೆಜೆಟೆಡ್ ಅಧಿಕಾರಿಯದ್ದೋ ಶಾಸಕರದ್ದೋ ಪಂಚಾಯತ್ ಮೆಂಬರರದ್ದೋ ಹೇಳಿಕೆ ನಡೆಯುತ್ತದೆ. ತಡವಾದದ್ದಕ್ಕೆ ದಂಡ, ಅನುಮತಿ. ಮದುವೆ ನೋಡಿದ ಹಿರಿಯರು ತೀರಿಹೋಗಿದ್ದರೆ ಸಾಕ್ಷಿಗೆ ಯಾರನ್ನು ಹುಡುಕುವುದು ಎಂಬುದು ಬೇರೆಯೇ ಸಂಕಟ.

ಮದುವೆ ಪುತ್ತೂರಿನಲ್ಲೋ ವಿಟ್ಲದಲ್ಲೋ ಸುಳ್ಯದಲ್ಲೋ ಆಗಿದ್ದರೆ ಗಡಿಯ ಈಚೆಯ ಕೇರಳದ ಪಂಚಾಯತಿನವರು ಮುಟ್ಟುವುದಿಲ್ಲ. ಅದು ಕರ್ನಾಟಕದ ಸಬ್‌ರಿಜಿಸ್ಟ್ರಾರ್ ಕಚೇರಿಯ ಕೆಲಸ. ಇಷ್ಟಕ್ಕೆ ಮುಗಿಯಿತೇ? ಇಲ್ಲ. ಎಟೆಸ್ಟೇಶನ್, ಅಂದರೆ ಕಾಗದ ಅಸಲಿ ಅಂತ ಸರಕಾರದ ಸೀಲು ಹಾಕಿಸುವುದು ಕೂಡ ಸರ್ಟಿಫಿಕೇಟ್ ಕೊಟ್ಟ ರಾಜ್ಯದಲ್ಲೇ ಆಗಬೇಕು. ಕೇರಳದ ಕಾಗದಕ್ಕೆ ತಿರುವನಂತಪುರ, ಕರ್ನಾಟಕದ ಕಾಗದಕ್ಕೆ ಬೆಂಗಳೂರು. ಮಕ್ಕಳು ಹುಟ್ಟಿದ್ದು ಮಂಗಳೂರಿನ ಆಸ್ಪತ್ರೆಯಲ್ಲಿ, ಡಿಗ್ರಿ ಮೈಸೂರು ವಿಶ್ವವಿದ್ಯಾನಿಲಯದ್ದು, ಮನೆ ಗಡಿಯ ಈಚೆ ಪೈವಳಿಕೆಯಲ್ಲಿ. ಇಲ್ಲಿ ಇಂಥ ಮನೆಗಳೇ ತುಂಬ. ಒಂದೇ ಕುಟುಂಬದ ಫೈಲು ಎರಡು ರಾಜಧಾನಿಗೆ ಓಡುತ್ತದೆ. ಗಡಿ ನಾವು ಎಳೆದದ್ದಲ್ಲ. 1956ರ ನವೆಂಬರ್ 1ರ ತನಕ ಇದೆಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಅದಕ್ಕೂ ಮೊದಲು ಹುಟ್ಟಿದವರ ದಾಖಲೆ ಮದ್ರಾಸ್ ಕಾಲದ್ದು, ಈಗಿನವರು ಅದನ್ನು ಬಿಡಿಸಿ ಓದಲಾರರು.

ಅತಿ ದೊಡ್ಡ ಪೀಡೆ ಇಂಗ್ಲಿಷ್ ಸ್ಪೆಲ್ಲಿಂಗು. ನಮ್ಮ ಹೆಸರುಗಳು ಕನ್ನಡದಿಂದ ನೇರವಾಗಿ ಇಂಗ್ಲಿಷಿಗೆ ಹೋಗುವುದಿಲ್ಲ, ಮಲಯಾಳದ ಅಭ್ಯಾಸದ ಕೈಯಲ್ಲಿ ಸಿಕ್ಕಿ ಹೋಗುತ್ತವೆ. ಶಂಕರನಾರಾಯಣ ಅಂದರೆ ಪಾಸ್‌ಪೋರ್ಟಿನಲ್ಲಿ ‘ಎಸ್‌ಎಚ್’, ಪಂಚಾಯತ್ ದಾಖಲೆಯಲ್ಲಿ ಬರೇ ‘ಎಸ್’, ಕೊನೆಗೆ ಕೇಳದೆ ಸೇರಿಸಿದ ಒಂದು ‘ಎನ್’. ಲಕ್ಷ್ಮೀ ಇದ್ದದ್ದು ‘ಲೆಕ್ಷ್ಮಿ’ ಆಗುತ್ತದೆ. ಸುಮತಿಯ ಕೊನೆಗೆ ಒಂದರಲ್ಲಿ ‘ಐ’, ಇನ್ನೊಂದರಲ್ಲಿ ‘ವೈ’. ಈಶ್ವರನಿಗೆ ಮೂರು ಬಗೆ. ಊರಿನ ಹೆಸರೂ ಹಾಗೆಯೇ, ಮಂಜೇಶ್ವರಕ್ಕೆ ಕೊನೆಗೊಂದು ‘ಎಂ’ ಅಂಟಿಸಿದ್ದು, ಅಂಟಿಸದೇ ಇದ್ದದ್ದು. ಮನೆಹೆಸರು ಒಂದು ಕಡೆ ಇನಿಷಿಯಲ್, ಮತ್ತೊಂದು ಕಡೆ ಪೂರ್ತಿ, ಪ್ಯಾನ್ ಕಾರ್ಡಿನಲ್ಲಿ ಇಲ್ಲವೇ ಇಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕು ಭಾಷಾ ಅಲ್ಪಸಂಖ್ಯಾತರಿಗೆ ಕಾನೂನಿನಲ್ಲೇ ಇದೆ. ಆದರೆ ಕನ್ನಡ ಓದಲು ಬಾರದವರನ್ನು ಇಲ್ಲಿಗೆ ನೇಮಿಸಿದರೆ ಆ ಹಕ್ಕಿನಿಂದ ಏನು ಬಂತು? ಅವರು ಊಹಿಸಿ ಟೈಪ್ ಮಾಡಿದ ಒಂದು ಅಕ್ಷರಕ್ಕೆ ದುಬೈಯಿಂದ ಫೈಲು ವಾಪಸ್ ಬರುತ್ತದೆ.

ಇದಕ್ಕೆ ವಿಲೇಜ್ ಆಫೀಸಿನ ‘ಒನ್ ಆಂಡ್ ಸೇಮ್’ ಸರ್ಟಿಫಿಕೇಟ್ ಸಾಕು ಅಂತ ಏಜೆಂಟರು ಹೇಳುತ್ತಾರೆ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿದರೆ ಅದು ಸಿಗುತ್ತದೆ, ಹೌದು. ಎರಡು ಹೆಸರೂ ಒಬ್ಬರದ್ದೇ ಅಂತ ಊರಿನ ಕಚೇರಿಗಳಲ್ಲಿ ಹೇಳಿಕೊಳ್ಳಲು ಅದು ಉಪಯೋಗಕ್ಕೆ ಬರುತ್ತದೆ. ಆದರೆ ಹೊರದೇಶದ ಅಧಿಕಾರಿಯ ಎದುರು ಇರುವುದು ಪಾಸ್‌ಪೋರ್ಟು ಮತ್ತು ಸರ್ಟಿಫಿಕೇಟು. ಎರಡರಲ್ಲಿ ಅಕ್ಷರ ಬೇರೆಯಿದ್ದರೆ ವಿಲೇಜ್ ಆಫೀಸರರ ಪತ್ರವನ್ನು ಅವರು ಒಪ್ಪಲೇಬೇಕೆಂದಿಲ್ಲ. ಮಾಡಬೇಕಾದದ್ದು ಸರ್ಟಿಫಿಕೇಟನ್ನೇ ಪಾಸ್‌ಪೋರ್ಟಿನ ಸ್ಪೆಲ್ಲಿಂಗಿಗೆ ತಿದ್ದಿಸುವುದು, ಅದೂ ಎಟೆಸ್ಟೇಶನ್ನಿಗೆ ಕಳಿಸುವ ಮೊದಲು. ಸೀಲು ಬಿದ್ದ ಮೇಲೆ ತಿದ್ದಿಸಿದರೆ ಹೊಸ ಸರ್ಟಿಫಿಕೇಟಿಗೆ ಮತ್ತೆ ಎಲ್ಲ ಸೀಲುಗಳೂ ಬೇಕು. ಈ ಕ್ರಮ ಗೊತ್ತಿದ್ದೂ ಹೇಳದೆ ಎರಡು ಸಲ ಎಟೆಸ್ಟೇಶನ್ ಚಾರ್ಜು ಎಳೆಯುವವರ ಮೇಲೆ ಸಿಟ್ಟು ಬಾರದೆ ಇರುತ್ತದೆಯೇ?

ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದು ಸರ್‌ನೇಮ್ ಖಾಲಿ ಇರುವ ಅಮ್ಮಂದಿರ ಪಾಡು ಇನ್ನೂ ಕಷ್ಟ. 2022ರ ನವೆಂಬರಿನಿಂದ ಯುಎಇ ಅಂಥ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ನಿಲ್ಲಿಸಿದೆ. “ಮೊದಲು ವಿಸಿಟಿನಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ” ಎಂಬ ಸಲಹೆ ಅವರಿಗೆ ನಡೆಯುವುದಿಲ್ಲ. 1,500 ರೂಪಾಯಿ ಕಟ್ಟಿ ಪಾಸ್‌ಪೋರ್ಟನ್ನು ಸರ್‌ನೇಮ್ ಸಮೇತ ಹೊಸದು ಮಾಡಿಸುವುದೇ ಮೊದಲ ಕೆಲಸ. ಬಾಕಿ ಕಾಗದಗಳನ್ನು ತಿದ್ದಿಸುವುದು ಅದರ ನಂತರ.

ಎಟೆಸ್ಟೇಶನ್ನಿನ ಮೋಸ ಇನ್ನೊಂದು. ಒಂದೇ ಸ್ಟಿಕ್ಕರಿಗೆ ಪರದೇಶದ ಕಾಗದವನ್ನು ಒಪ್ಪುವ ಹೇಗ್ ಒಪ್ಪಂದದಲ್ಲಿ ಯುಎಇ ಇಲ್ಲ. ಹಾಗಾಗಿ ಅಪೋಸ್ಟೈಲ್ ಎಂಬ ಆ ಸ್ಟಿಕ್ಕರು ಅಲ್ಲಿ ನಡೆಯದು. ರಾಜ್ಯದ ಗೃಹ ಇಲಾಖೆ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಯ ವಿದೇಶಾಂಗ ಇಲಾಖೆ. ಒಂದು ಮೆಟ್ಟಿಲು ತಪ್ಪಿದರೆ ಮುಂದಿನದ್ದು ಆಗದು. ಅಗ್ಗವಾಗುತ್ತದೆ ಅಂತ ಅಪೋಸ್ಟೈಲ್ ಮಾಡಿಸಿ ಪೂರ್ತಿ ಎಟೆಸ್ಟೇಶನ್ನಿನ ದುಡ್ಡು ತೆಗೆದುಕೊಳ್ಳುವವರಿದ್ದಾರೆ. ಕೇರಳದ ಕಾಗದಗಳಿಗೆ ಅನಿವಾಸಿಗಳಿಗಾಗಿ ಇರುವ ಸರಕಾರದ್ದೇ ಸಂಸ್ಥೆ ನೋರ್ಕಾ ರೂಟ್ಸ್ ಇದೆ, ಮೊದಲು ಅಲ್ಲಿ ಕೇಳಿ. ಒರಿಜಿನಲ್ ಸರ್ಟಿಫಿಕೇಟನ್ನು ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಸೀಲು, ಸಹಿ ಬೀಳುವುದು ಅದರ ಹಿಂಬದಿಗೆ. ಪ್ಲಾಸ್ಟಿಕ್ ಹೊದೆಸಿದ್ದನ್ನು ಮುಟ್ಟುವುದೇ ಇಲ್ಲ, ಹೊಸ ಪ್ರತಿ ತರಬೇಕಾಗುತ್ತದೆ. ಅರೇಬಿಕ್ ಅನುವಾದ ಇಲ್ಲಿಯೇ ಮಾಡಿಸಿಕೊಡುತ್ತೇವೆ ಎನ್ನುವವರಿಗೂ ದುಡ್ಡು ಕೊಡಬೇಡಿ. ಅಲ್ಲಿಯ ನ್ಯಾಯ ಸಚಿವಾಲಯದ ಲೈಸೆನ್ಸ್ ಇರುವ ಅನುವಾದಕರೇ ಮಾಡಬೇಕು.

ಎಲ್ಲ ಮುಗಿದು ಅಲ್ಲಿ ಹೋದ ಮೇಲೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ. ಹಿಂದೆ ಯಾವಾಗಲೋ ಕ್ಷಯ ಬಂದು ವಾಸಿಯಾದ ಕಲೆ ಎಕ್ಸ್‌ರೇಯಲ್ಲಿ ಕಂಡರೆ ಮತ್ತೆ ಪರೀಕ್ಷೆಗಳು ಶುರು. ಅಂಥವರು ಮಂಗಳೂರಿನಲ್ಲೇ ಒಂದು ಎಕ್ಸ್‌ರೇ ತೆಗೆಸಿ ವೈದ್ಯರಿಗೆ ತೋರಿಸಿ, ಹಳೆಯ ಚಿಕಿತ್ಸೆಯ ಚೀಟಿ ಹುಡುಕಿಟ್ಟುಕೊಂಡು ಹೊರಡುವುದು ಒಳ್ಳೆಯದು. ಶುಗರ್, ಬಿಪಿ ಇರುವ ವಯಸ್ಸಾದವರಿಗೆ ವಿಮೆಯ ಪ್ರೀಮಿಯಂ ಎಷ್ಟು ಬೀಳುತ್ತದೆ ಅಂತ ಠೇವಣಿ ಕಳಿಸುವ ಮೊದಲೇ ಬರಹದಲ್ಲಿ ತರಿಸಿಕೊಳ್ಳಬೇಕು.

ಅಡ್ವಾನ್ಸ್ ತೆಗೆದುಕೊಳ್ಳುವ ಏಜೆಂಟರಿಗೆ ಕೇಳುವುದು ಇಷ್ಟೇ. ದುಡ್ಡಿಗೆ ಕೈಚಾಚುವ ಮೊದಲು ಗಂಡ ಹೆಂಡತಿ ಇಬ್ಬರ ಪಾಸ್‌ಪೋರ್ಟು, ಪ್ಯಾನ್ ಕಾರ್ಡು, ಮದುವೆ ಸರ್ಟಿಫಿಕೇಟು ಮೇಜಿನ ಮೇಲೆ ಸಾಲಾಗಿ ಇಡಿ. ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ಹಣ ಯಾವ ಖಾತೆಯಲ್ಲಿದೆ ಅಂತ ಕೇಳಿ. ಕಾಲು ಗಂಟೆಯೂ ಹಿಡಿಯದ ಕೆಲಸ. ಅದು ಆಗುವುದಿಲ್ಲ ಅಂತಾದರೆ ಆ ಪೋಸ್ಟರನ್ನು ನಮ್ಮ ಗುಂಪುಗಳಿಗೆ ಹಾಕಬೇಡಿ.