ಆರೋಪಿಯ ಹೆಸರೇನು?

ಭಾನುವಾರ ಸಂಜೆ ಬಂದ ಸಿಟ್ಟು ಬುಧವಾರ ಆದರೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಬೇಜಾರಾದರೆ ಕೆಳಗೆ ಹೋಗಿ ನಮ್ಮ ನಾಯಿಯ ಫೋಟೋ ನೋಡಿ.

ನಮ್ಮ ಬಡಾವಣೆಯ ಸಿನಿಮಾ ಗುಂಪು ನಿಮಗೆ ಗೊತ್ತಲ್ಲ. ತಿಂಗಳಿಗೊಂದು ಸಿನಿಮಾ. ಆಮೇಲೆ ಕಾಫಿ, ಉದ್ದಿನ ವಡೆ, ಚರ್ಚೆ. ಈ ಸಲ 'ಟು ಕಿಲ್ ಎ ಮಾಕಿಂಗ್‌ಬರ್ಡ್'. ಹಾರ್ಪರ್ ಲೀ ಬರೆದ ಕಾದಂಬರಿ, 1960ರಲ್ಲಿ ಪ್ರಕಟವಾಯಿತು, 1962ರಲ್ಲಿ ಸಿನಿಮಾ ಆಯಿತು. ವಕೀಲನ ಪಾತ್ರಕ್ಕೆ ಗ್ರೆಗರಿ ಪೆಕ್‌ಗೆ ಆಸ್ಕರ್ ಬಂತು. ನೋಡದವರಿಗೆ ಎರಡು ಮಾತು. 1930ರ ದಶಕದ ಅಲಬಾಮಾ, ಅಮೆರಿಕದ ದಕ್ಷಿಣದ ಒಂದು ರಾಜ್ಯ. ಬಿಳಿ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಅಂತ ಒಬ್ಬ ಕಪ್ಪು ಕೂಲಿಯ ಮೇಲೆ ಕೇಸು. ಅವನ ಪರ ನಿಲ್ಲುವುದು ಅಟಿಕಸ್ ಫಿಂಚ್ ಎಂಬ ಬಿಳಿ ವಕೀಲ. ಹುಡುಗಿಗೆ ಪೆಟ್ಟು ಬಿದ್ದಿರುವುದು ಮುಖದ ಬಲಗಡೆ, ಅಂದರೆ ಹೊಡೆದವನು ಎಡಚ. ಆರೋಪಿಯ ಎಡಗೈಯೋ, ಚಿಕ್ಕವನಿದ್ದಾಗಲೇ ಹತ್ತಿ ಜಿನ್ನಿಗೆ ಸಿಕ್ಕಿ ಸ್ವಾಧೀನ ತಪ್ಪಿದೆ. ಅಟಿಕಸ್ ಕೋರ್ಟಿನಲ್ಲೇ ಅವನತ್ತ ಒಂದು ಗ್ಲಾಸು ಎಸೆಯುತ್ತಾನೆ. ಅವನು ಬಲಗೈಯಲ್ಲಿ ಹಿಡಿಯುತ್ತಾನೆ. ಈಗ ಎಡಗೈಯಲ್ಲಿ ಹಿಡಿ ಅಂದರೆ ಆಗಲ್ಲ ಅನ್ನುತ್ತಾನೆ. ಇಷ್ಟು ಕಣ್ಣೆದುರು ನಡೆದರೂ ಜ್ಯೂರಿ, ಅಂದರೆ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸಲು ಕೂರಿಸಿದ ಊರಿನ ಹನ್ನೆರಡು ಜನ ಬಿಳಿ ಗಂಡಸರು, ಒಳಗೆ ಹೋಗಿ ಬಂದು 'ಅಪರಾಧಿ' ಅನ್ನುತ್ತಾರೆ.

ಲೈಟು ಹಾಕಿದಾಗ ಅರ್ಧ ಜನ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅದರಲ್ಲಿ ತಪ್ಪಿಲ್ಲ. ಆಮೇಲೆ ಶುರುವಾಯಿತು. "ಎಂಥಾ ವಕೀಲ ಅಲ್ವಾ!" "ಆ ಗಾಂಭೀರ್ಯ!" "ಆ ಸೂಟು!" ಗುಂಪಿನ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ನೀವೂ ವಕೀಲರು, ನಿಮಗೆ ಹೆಮ್ಮೆ ಆಗಿರಬೇಕು ಮೇಡಂ" ಅಂದರು. ನಲವತ್ತು ನಿಮಿಷ ಬರೀ ಅಟಿಕಸ್ ಪುರಾಣ. ನನಗೆ ತಡೆಯಲಾಗಲಿಲ್ಲ. "ಸರಿ, ಆರೋಪಿಯ ಹೆಸರೇನು?" ಅಂತ ಕೇಳಿದೆ.

ಮೌನ. ಎರಡು ಗಂಟೆ ಸಿನಿಮಾ ನೋಡಿ ಎದ್ದ ಮೂವತ್ತು ಜನ. ಹಿಂದಿನಿಂದ ಒಬ್ಬರು, "ರಾಬಿನ್ಸನ್... ಕ್ರೂಸೋ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಕೊನೆಗೆ ಒಬ್ಬಳು ಪಿಯುಸಿ ಹುಡುಗಿ, "ಟಾಮ್ ರಾಬಿನ್ಸನ್ ಆಂಟಿ. ಜ್ಯೂರಿಯಲ್ಲಿ ಅವನ ಕಡೆಯವರು ಒಬ್ಬರೂ ಯಾಕೆ ಇರಲಿಲ್ಲ?" ಅಂದಳು. ಹಿರಿಯರು ಕೈ ಅಲ್ಲಾಡಿಸಿ, "ಅದೆಲ್ಲ ಡೀಟೇಲು ಬಿಡಮ್ಮ" ಅಂದುಬಿಟ್ಟರು.

ಡೀಟೇಲಂತೆ! ನನಗೆ ಉರಿದದ್ದು ಇಲ್ಲಿ. ಆ ಕಥೆಯಲ್ಲಿ ಇರುವುದೇ ಅದೊಂದು ಸಂಗತಿ. ಆ ಹನ್ನೆರಡು ಕುರ್ಚಿಯಲ್ಲಿ ಯಾರು ಕೂತರು, ಯಾರನ್ನು ಕೂರಲು ಬಿಡಲಿಲ್ಲ ಅನ್ನುವುದು. ಅದು ತೀರ್ಮಾನ ಆದ ದಿನವೇ ಕೇಸು ಮುಗಿದಿರುತ್ತದೆ. ಅಟಿಕಸ್ ಮಾತಾಡಿದ್ದು ತಿಥಿ ಊಟ ಆದಮೇಲೆ ಡಾಕ್ಟರು ಬಂದ ಹಾಗೆ.

ತೀರ್ಪು ಬಂದಮೇಲೆ ಬಾಲ್ಕನಿಯಲ್ಲಿದ್ದ ಕಪ್ಪು ಜನ ಎದ್ದು ನಿಲ್ಲುವ ದೃಶ್ಯ ಇದೆಯಲ್ಲ, ಎಲ್ಲರೂ ಅಳುವ ದೃಶ್ಯ, ಅವರು ಎದ್ದು ನಿಲ್ಲುವುದು ವಕೀಲನಿಗೆ. ಟಾಮ್‌ನನ್ನು ಅಷ್ಟರಲ್ಲಿ ಆಚೆ ಕರೆದುಕೊಂಡು ಹೋಗಿಯಾಗಿದೆ. ಅವನಿಗೆ ಯಾರೂ ಏಳುವುದಿಲ್ಲ. ಆಮೇಲೆ ಅವನು ತಪ್ಪಿಸಿಕೊಳ್ಳಲು ಓಡಿದ, ಗುಂಡು ಹೊಡೆದರು ಅನ್ನುವ ಸುದ್ದಿ ಬರುತ್ತದೆ, ಅಷ್ಟೇ. ಕಾದಂಬರಿಯಲ್ಲಿ ಹದಿನೇಳು ಗುಂಡು. ಒಂದು ಕೈ ಸತ್ತವನಿಗೆ.

ನಿಜವಾದ ಅಲಬಾಮಾಕ್ಕೆ ಬನ್ನಿ. 1931ರ ಮಾರ್ಚ್ 25. ಚಟ್ಟನೂಗಾದಿಂದ ಮೆಂಫಿಸ್ ಕಡೆ ಹೊರಟ ಗೂಡ್ಸ್ ರೈಲು. ಟಿಕೆಟ್ ಇಲ್ಲದೆ ಹತ್ತಿದ ಬಡ ಹುಡುಗರು, ಬಿಳಿಯರೂ ಇದ್ದರು, ಕಪ್ಪು ಹುಡುಗರೂ ಇದ್ದರು. ಜಗಳ ಆಯಿತು, ಬಿಳಿ ಹುಡುಗರನ್ನು ಕೆಳಗೆ ತಳ್ಳಿದರು, ಅವರು ಹೋಗಿ ದೂರು ಕೊಟ್ಟರು. ಪೇಂಟ್ ರಾಕ್ ಎಂಬಲ್ಲಿ ಬಂದೂಕು ಹಿಡಿದ ಜನ ರೈಲು ನಿಲ್ಲಿಸಿ ಒಂಬತ್ತು ಕಪ್ಪು ಹುಡುಗರನ್ನು ಹಿಡಿದರು. ಅದೇ ರೈಲಿನಲ್ಲಿದ್ದ ಇಬ್ಬರು ಬಿಳಿ ಯುವತಿಯರು ತಮ್ಮ ಮೇಲೆ ಅತ್ಯಾಚಾರ ಆಯಿತು ಅಂದರು. ಸ್ಕಾಟ್ಸ್‌ಬರೋ ಎಂಬ ಊರಿನಲ್ಲಿ ವಿಚಾರಣೆ ಶುರುವಾದದ್ದು ಏಪ್ರಿಲ್ 6ಕ್ಕೆ. ಹನ್ನೆರಡನೇ ದಿನ! ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಒಂದು ಸಮನ್ಸ್ ಜಾರಿಯಾಗಲು ಇದಕ್ಕಿಂತ ಜಾಸ್ತಿ ದಿನ ಬೇಕು. ನಾಲ್ಕು ದಿನದಲ್ಲಿ ಎಂಟು ಜನಕ್ಕೆ ಮರಣದಂಡನೆ. ಒಂಬತ್ತನೆಯವನು ಹನ್ನೆರಡೋ ಹದಿಮೂರೋ ವರ್ಷ ವಯಸ್ಸಿನ ಹುಡುಗ. ಅವನಿಗೆ ಜೀವಾವಧಿ ಸಾಕು ಅಂತ ಸರ್ಕಾರಿ ವಕೀಲರೇ ಕೇಳಿದ್ದರು. ಜ್ಯೂರಿಯ ಬಹುಪಾಲು ಜನ ಮಾತ್ರ ಕೊಲ್ಲಲೇಬೇಕು ಅಂತ ಹಟ ಹಿಡಿದರು. ಒಮ್ಮತ ಬರಲಿಲ್ಲ, ಹುಡುಗ ಸದ್ಯಕ್ಕೆ ಉಳಿದ.

ಹುಡುಗರ ಪರ ನಿಂತವರು ಇಬ್ಬರು. ಒಬ್ಬರು ಟೆನೆಸಿಯಿಂದ ಬಂದ ಆಸ್ತಿ ವ್ಯವಹಾರದ ವಕೀಲರು. ಅಲಬಾಮಾದ ಪದ್ಧತಿ ನನಗೆ ಗೊತ್ತಿಲ್ಲ ಅಂತ ಅವರೇ ಜಡ್ಜಿಗೆ ಹೇಳಿದ್ದರು. ಇನ್ನೊಬ್ಬರು ಎಪ್ಪತ್ತರ ಹತ್ತಿರದ ಮುದುಕರು. ಗ್ರೆಗರಿ ಪೆಕ್ ರಜೆಯಲ್ಲಿದ್ದರು ಅಂತ ಕಾಣುತ್ತದೆ.

1932ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಇವರಿಗೆ ವಕೀಲರು ಸಿಕ್ಕಿದ್ದು ಬರೀ ಹೆಸರಿಗೆ ಅಂತ ಹೇಳಿ ಶಿಕ್ಷೆ ರದ್ದು ಮಾಡಿತು. 1933ರಲ್ಲಿ ಡಿಕೇಟರ್ ಎಂಬ ಊರಿನಲ್ಲಿ ಮತ್ತೆ ವಿಚಾರಣೆ. ಈ ಸಲ ಬಂದವರು ಸ್ಯಾಮ್ಯುಯೆಲ್ ಲೀಬೊವಿಟ್ಸ್, ನ್ಯೂಯಾರ್ಕಿನ ಘಟಾನುಘಟಿ ಕ್ರಿಮಿನಲ್ ವಕೀಲ. ಅವರ ಪಾಟೀಸವಾಲು ಹೇಗಿರಬೇಕು ಯೋಚಿಸಿ. ದೂರು ಕೊಟ್ಟ ಇಬ್ಬರಲ್ಲಿ ಒಬ್ಬಳಾದ ರೂಬಿ ಬೇಟ್ಸ್ ಕಟಕಟೆಗೆ ಬಂದು, ಏನೂ ನಡೆದಿರಲಿಲ್ಲ, ಸುಳ್ಳು ಹೇಳಿದ್ದೆವು ಅಂದಳು. ದೂರುದಾರಳೇ! ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ವಕೀಲನಿಗೆ ಸಿಕ್ಕೀತು? ಸರ್ಕಾರದ ಕಡೆಯವರು ಏಳುತ್ತಾರೆ. ನ್ಯೂಯಾರ್ಕಿನ ಯಹೂದಿ ದುಡ್ಡಿಗೆ ಅಲಬಾಮಾದ ನ್ಯಾಯ ಮಾರಾಟಕ್ಕಿಲ್ಲ ಅಂತ ತೋರಿಸಿಕೊಡಿ ಅನ್ನುತ್ತಾರೆ. ಜ್ಯೂರಿ ತೋರಿಸಿಕೊಟ್ಟಿತು. ಆ ಹುಡುಗರಲ್ಲಿ ಒಬ್ಬನಾದ ಹೇವುಡ್ ಪ್ಯಾಟರ್ಸನ್ ಅಪರಾಧಿ. ಮತ್ತೆ ಮರಣದಂಡನೆ.

ಹೇಳಿ ಈಗ, ಯಾವ ವಕೀಲ ಸಾಕಿತ್ತು?

ನನಗೆ ತುಂಬಾ ಇಷ್ಟವಾದ ಭಾಗ ಇದರ ನಂತರದ್ದು. ಲೀಬೊವಿಟ್ಸ್ ಹುಡುಗರ ಕೈ, ಕಾಲು, ಕಣ್ಣೀರು ಎಲ್ಲ ಬಿಟ್ಟು ಕುರ್ಚಿಗಳ ಹಿಂದೆ ಬಿದ್ದರು. ನಿಮ್ಮ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಕಪ್ಪು ಜನ ಒಬ್ಬರನ್ನಾದರೂ ಜ್ಯೂರಿಗೆ ಕರೆದಿದ್ದೀರಾ? ಯಾವಾಗ? ತೋರಿಸಿ. ಆಗ ಜ್ಯೂರಿ ಪಟ್ಟಿಯ ಪುಸ್ತಕ ಹೊರಗೆ ಬಂತು. ಅದರಲ್ಲಿ ಕಪ್ಪು ಜನರ ಹೆಸರುಗಳೇನೋ ಇದ್ದವು. ಆದರೆ ಅವು ಆಮೇಲೆ ತುರುಕಿದ ಹೆಸರುಗಳು. 1935ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಲೀಬೊವಿಟ್ಸ್ ಈ ಮಾತು ಹೇಳಿದಾಗ ಮುಖ್ಯ ನ್ಯಾಯಮೂರ್ತಿ ಹ್ಯೂಸ್, ರುಜುವಾತು ಮಾಡುತ್ತೀರಾ ಅಂದರು. ಲೀಬೊವಿಟ್ಸ್ ಪುಸ್ತಕವನ್ನೂ ಭೂತಗನ್ನಡಿಯನ್ನೂ ತಂದೇ ಬಂದಿದ್ದರು. ನ್ಯಾಯಮೂರ್ತಿಗಳು ಒಬ್ಬರಾದಮೇಲೆ ಒಬ್ಬರು ಗಾಜು ಹಿಡಿದು ಬಗ್ಗಿ ನೋಡಿದರು. ನಾನು ಎಷ್ಟೋ ಕ್ರಯಪತ್ರಗಳನ್ನು ಹೀಗೇ ಬೆಳಕಿಗೆ ಹಿಡಿದು ನೋಡಿದವಳು. ಆಮೇಲೆ ಸೇರಿಸಿದ ಅಕ್ಷರ ಸಾಲಿನಲ್ಲಿ ಹೇಗೆ ಇಕ್ಕಟ್ಟಾಗಿ ಕೂತಿರುತ್ತದೆ ಅಂತ ಗೊತ್ತು. ಆ ಹೆಸರುಗಳೂ ಹಾಗೇ ಕೂತಿರಬೇಕು, ಕರೆಯದ ಮದುವೆಗೆ ಬಂದವರ ಹಾಗೆ. ಕೋರ್ಟು ಒಪ್ಪಿತು. ಕಪ್ಪು ಜನರನ್ನು ಜ್ಯೂರಿಯಿಂದ ದೂರ ಇಟ್ಟು ಕೊಟ್ಟ ಶಿಕ್ಷೆ ನಿಲ್ಲದು ಅಂದಿತು.

ಈ ದೃಶ್ಯ ನೋಡಿ ಯಾರೂ ಅಳುವುದಿಲ್ಲ. ಒಂದು ಲೆಡ್ಜರು, ಒಂದು ಗಾಜು, ಎಂಟು ಮುದುಕರು. ಆದರೆ ಕೆಲಸ ಆದದ್ದು ಅಲ್ಲಿ. ಅದೂ ಪೂರ್ತಿ ಅಲ್ಲ. ಆ ಒಂಬತ್ತು ಹುಡುಗರಲ್ಲಿ ಕೊನೆಯವನು ಜೈಲಿನಿಂದ ಹೊರಗೆ ಬಂದದ್ದು 1950ರಲ್ಲಿ. ಅಪರಾಧಿ ಅನ್ನುವ ಹಣೆಪಟ್ಟಿ ಹಾಗೇ ಉಳಿದಿದ್ದ ಮೂವರಿಗೆ ಅಲಬಾಮಾ ಕ್ಷಮಾದಾನ ಕೊಟ್ಟದ್ದು 2013ರಲ್ಲಿ. ಮೂವರೂ ಸತ್ತು ಎಷ್ಟೋ ವರ್ಷವಾಗಿತ್ತು.

"ಒಳ್ಳೆಯವರೂ ಇದ್ದರಲ್ಲ ಮೇಡಂ" ಅಂತ ನನ್ನ ಸ್ನೇಹಿತೆಯ ಗಂಡ ನಿನ್ನೆ ಫೋನಿನಲ್ಲಿ ಅಂದರು. ಇದ್ದರು ಸ್ವಾಮಿ. ಡಿಕೇಟರಿನ ಜಡ್ಜ್ ಜೇಮ್ಸ್ ಹಾರ್ಟನ್ ಜ್ಯೂರಿಯ ತೀರ್ಪನ್ನು ತಾವೇ ಎತ್ತಿ ಬಿಸಾಕಿದರು. ಸಾಕ್ಷಿ ಈ ತೀರ್ಪಿಗೆ ಸಾಲದು ಅಂದರು. ನನಗೆ ಅವರ ಮೇಲೆ ಬಹಳ ಗೌರವ ಇದೆ. ಅಲ್ಲಿ ಜಡ್ಜುಗಳೂ ಚುನಾವಣೆಗೆ ನಿಲ್ಲಬೇಕು. ಮುಂದಿನ ಚುನಾವಣೆಯಲ್ಲಿ ಅವರು ಸೋತರು. ಪ್ಯಾಟರ್ಸನ್‌ನನ್ನು ಬೇರೆ ಜಡ್ಜಿನ ಮುಂದೆ ನಿಲ್ಲಿಸಿ ಮತ್ತೆ ಅಪರಾಧಿ ಮಾಡಿದರು. ಒಳ್ಳೆಯವರು ಇದ್ದರೆ ಆಗುವುದು ಇಷ್ಟು.

1955, ಮಿಸಿಸಿಪ್ಪಿ. ಎಮ್ಮೆಟ್ ಟಿಲ್, 14 ವರ್ಷದ ಕಪ್ಪು ಹುಡುಗ. ಇಬ್ಬರು ಬಿಳಿ ಗಂಡಸರು ಅವನನ್ನು ಎಳೆದುಕೊಂಡು ಹೋಗಿ ಕೊಂದರು. ಅವನ ಅಜ್ಜನ ವಯಸ್ಸಿನ ಮೋಸ್ ರೈಟ್ ತುಂಬಿದ ಬಿಳಿ ಕೋರ್ಟಿನಲ್ಲಿ ಎದ್ದು ನಿಂತು, ಕರೆದುಕೊಂಡು ಹೋದವನು ಇವನೇ ಅಂತ ಬೆರಳು ಮಾಡಿ ತೋರಿಸಿದರು. ಅವತ್ತು ಆ ಬೆರಳಿಗೆ ಬೇಕಿದ್ದ ಧೈರ್ಯ ನೂರು ಅಟಿಕಸ್‌ಗಳಿಗೂ ಇರಲಾರದು. ಹನ್ನೆರಡು ಬಿಳಿ ಗಂಡಸರು 67 ನಿಮಿಷದಲ್ಲಿ ಬಿಡುಗಡೆ ಅಂದರು. ಸೋಡಾ ಕುಡಿಯಲು ನಿಲ್ಲದಿದ್ದರೆ ಇಷ್ಟು ಹೊತ್ತೂ ಆಗುತ್ತಿರಲಿಲ್ಲ ಅಂತ ಅವರಲ್ಲೊಬ್ಬ ಹೇಳಿದ. ಮರುವರ್ಷ ಆ ಇಬ್ಬರೂ ದುಡ್ಡು ತೆಗೆದುಕೊಂಡು ಪತ್ರಿಕೆಯೊಂದಕ್ಕೆ ಕೊಂದವರು ನಾವೇ ಅಂತ ಹೇಳಿಕೊಂಡರು. ಒಮ್ಮೆ ಬಿಡುಗಡೆ ಆದಮೇಲೆ ಅದೇ ಕೊಲೆಗೆ ಮತ್ತೆ ವಿಚಾರಣೆ ಇಲ್ಲ.

"ಅದೆಲ್ಲ ಹಳೇ ಕಾಲ." ಇದೂ ಬಂತು ಭಾನುವಾರ. ಹಾರ್ಪರ್ ಲೀ ಹುಟ್ಟೂರು ಮನ್ರೋವಿಲ್. ಅಲ್ಲಿಯ ಹಳೆಯ ಕೋರ್ಟ್ ಕಟ್ಟಡ ಈಗ ಮ್ಯೂಸಿಯಂ. ಪ್ರತಿ ವರ್ಷ ಊರವರೇ ಸೇರಿ ಈ ಕಥೆಯ ನಾಟಕ ಆಡುತ್ತಾರೆ, ಪ್ರೇಕ್ಷಕರಲ್ಲೇ ಕೆಲವರನ್ನು ಕರೆದು ಜ್ಯೂರಿ ಮಾಡುತ್ತಾರೆ. ಅದೇ ಊರಿನಲ್ಲಿ 1986ರ ನವೆಂಬರ್ 1ರಂದು ಬಟ್ಟೆ ಒಗೆಯುವ ಅಂಗಡಿಯಲ್ಲಿ ಬಿಳಿ ಯುವತಿಯೊಬ್ಬಳ ಕೊಲೆ. ವಾಲ್ಟರ್ ಮ್ಯಾಕ್ಮಿಲಿಯನ್ ಎಂಬ ಮರ ಕಡಿಯುವ ಕೆಲಸದ ಕಪ್ಪು ಮನುಷ್ಯನನ್ನು ಹಿಡಿದರು. ಅವತ್ತು ಅವನ ಮನೆಯಲ್ಲಿ ಚರ್ಚಿನವರು ಸೇರಿ ಮೀನು ಕರಿದು ಮಾರುತ್ತಿದ್ದರು. ಅವನು ಅಲ್ಲೇ ಇದ್ದ, ನೋಡಿದವರು ಎಷ್ಟೋ ಜನ. ಎಲ್ಲರೂ ಕಪ್ಪು ಜನ, ಅಷ್ಟೇ ತೊಂದರೆ. ವಿಚಾರಣೆಗೆ ಮೊದಲೇ ಅವನನ್ನು ಮರಣದಂಡನೆಯ ಕೈದಿಗಳ ಜೊತೆ ಇಟ್ಟರು. ಕೇಸನ್ನು ಕಪ್ಪು ಜನ ತೀರ ಕಡಿಮೆ ಇರುವ ಬೇರೆ ಕೌಂಟಿಗೆ ಸಾಗಿಸಿದರು. ಹನ್ನೆರಡರಲ್ಲಿ ಹನ್ನೊಂದು ಕುರ್ಚಿ ಬಿಳಿ. ಒಂದೂವರೆ ದಿನದಲ್ಲಿ ಮುಗಿಯಿತು. ಆ ಜ್ಯೂರಿಯೂ ಜೀವಾವಧಿ ಸಾಕು ಅಂದಿತ್ತು. ಜಡ್ಜು ಅದನ್ನು ಬದಲಿಸಿ ಮರಣದಂಡನೆ ಬರೆದರು. ಜಡ್ಜಿನ ಹೆಸರು ರಾಬರ್ಟ್ ಇ. ಲೀ ಕೀ, ಗುಲಾಮಗಿರಿ ಉಳಿಸಲು ಯುದ್ಧ ಮಾಡಿದ ಪಾಳಯದ ಸೇನಾಪತಿಯ ಹೆಸರು. ಕಥೆ ಬರೆಯುವವರು ಇಷ್ಟು ಢಾಳಾಗಿ ಹೆಸರಿಡಲು ನಾಚಿಕೊಳ್ಳುತ್ತಾರೆ.

ಬ್ರಯಾನ್ ಸ್ಟೀವನ್ಸನ್ ಎಂಬ ಕಪ್ಪು ವಕೀಲರು ವರ್ಷಗಟ್ಟಲೆ ಓಡಾಡಿ, ಸಾಕ್ಷಿ ಸುಳ್ಳು ಅಂತ ತೋರಿಸಿ, 1993ರಲ್ಲಿ ಬಿಡಿಸಿದರು. ಆರು ವರ್ಷ ಹೋಗಿತ್ತು. ಅಷ್ಟೂ ವರ್ಷ ಆ ಊರಿನವರು ಅಟಿಕಸ್ ನಮ್ಮೂರಿನವನು ಅಂತ ಹೆಮ್ಮೆ ಪಡುತ್ತಲೇ ಇದ್ದರು.

ಇನ್ನೊಂದು ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಕಪ್ಪು ಅನ್ನುವ ಕಾರಣಕ್ಕೆ ಜ್ಯೂರಿಯಿಂದ ತೆಗೆಯಬಾರದು, ಬೇರೆ ಕಾರಣ ಕೊಡಬೇಕು ಅಂತ 1986ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮರುವರ್ಷವೇ ಜಾರ್ಜಿಯಾದಲ್ಲಿ ಟಿಮೋತಿ ಫಾಸ್ಟರ್ ಎಂಬ ಹುಡುಗನ ಕೇಸು. ಕಾರಣಗಳು ಬಂದವು! 34 ವರ್ಷದ ಒಬ್ಬ ಹೆಂಗಸನ್ನು ತೆಗೆಯಲು ಕೊಟ್ಟ ಕಾರಣ, ಆಕೆಯ ವಯಸ್ಸು ಆರೋಪಿಯ ವಯಸ್ಸಿಗೆ ಹತ್ತಿರ ಇದೆ ಅಂತ. ಅವನಿನ್ನೂ ಹದಿಹರೆಯದವನು. ಎಷ್ಟೋ ವರ್ಷದ ಮೇಲೆ ಸರ್ಕಾರಿ ವಕೀಲರ ಫೈಲು ಹೊರಗೆ ಬಂತು. ಪಟ್ಟಿಯಲ್ಲಿ ಕಪ್ಪು ಜನರ ಹೆಸರಿಗೆಲ್ಲ ಹಸಿರು ಬಣ್ಣ ಬಳಿದಿದ್ದರು. ಪಕ್ಕದಲ್ಲಿ 'ಬಿ' ಅಂತ ಗುರುತು. 2016ರಲ್ಲಿ ಶಿಕ್ಷೆ ರದ್ದಾಯಿತು. 1935ರಲ್ಲಿ ಭೂತಗನ್ನಡಿ ಬೇಕಾಗಿತ್ತು, ಇಲ್ಲಿ ಅದೂ ಬೇಕಿರಲಿಲ್ಲ.

"ನಮ್ಮಲ್ಲಿ ಜ್ಯೂರಿ ಇಲ್ವಲ್ಲ, ನಮಗ್ಯಾಕೆ?" ಅನ್ನುವವರಿಗೆ: ಇತ್ತು. 1908ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ತಿಲಕರ ಮೇಲೆ ರಾಜದ್ರೋಹದ ಕೇಸು ನಡೆದಾಗ ಕೂತ ಜ್ಯೂರಿ ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಕೇಸು ಇದ್ದದ್ದು ಮರಾಠಿ ಲೇಖನಗಳ ಮೇಲೆ. ತೀರ್ಪು ಏಳಕ್ಕೆ ಎರಡು. ಆರು ವರ್ಷ ಗಡೀಪಾರು, ಮಂಡಾಲೆ. ಅದಕ್ಕೂ ಹಿಂದೆ, 1876ರಲ್ಲಿ ಆಗ್ರಾದ ಫುಲ್ಲರ್ ಎಂಬ ಬಿಳಿ ವಕೀಲ ಗಾಡಿ ತರಲು ತಡ ಆಯಿತು ಅಂತ ಕುದುರೆ ಆಳಿಗೆ ಹೊಡೆದ. ಆಳು ಸತ್ತ. ಮ್ಯಾಜಿಸ್ಟ್ರೇಟ್ ಹಾಕಿದ ದಂಡ 30 ರೂಪಾಯಿ. ಗುಲ್ಮ ಒಡೆದು ಸತ್ತ ಅಂತ ವರದಿ. ಆ ಕಾಲದಲ್ಲಿ ದೊರೆಗಳ ಕೈಯಲ್ಲಿ ಸತ್ತ ಆಳುಗಳಿಗೆಲ್ಲ ಗುಲ್ಮ ಮೊದಲೇ ದೊಡ್ಡದಾಗಿರುತ್ತಿತ್ತು, ಪಾಪ. ಟಾಮ್‌ನ ಕೈ ಸತ್ತಿರುವುದು ಕೋರ್ಟಿಗೆ ಕಾಣಲಿಲ್ಲ. ಆಳಿನ ಹೊಟ್ಟೆಯೊಳಗಿನ ಗುಲ್ಮ ಮಾತ್ರ ಚೆನ್ನಾಗಿ ಕಂಡಿತು.

ಈಗ ನನ್ನದು. ಪ್ರಾಕ್ಟೀಸ್ ಶುರು ಮಾಡಿ ಎರಡನೇ ವರ್ಷ. ಬದುವಿನ ತಕರಾರು, ಎದುರು ಕಡೆ ಸಾಕ್ಷಿ ತಾಂಡಾದ ಒಬ್ಬ ಅಜ್ಜಿ. ಪಾಟೀಸವಾಲಿನಲ್ಲಿ ನಾನು ಇಸವಿ ಕೇಳಿದೆ. ಅವರಿಗೆ ಗೊತ್ತಿಲ್ಲ. ಮತ್ತೆ ಕೇಳಿದೆ. ಅವರು ಅವರ ಮಾತಿನಲ್ಲಿ, ಆ ದೊಡ್ಡ ಮಳೆ ಬಂತಲ್ಲ, ಆ ವರ್ಷ ಅಂದರು. ನಾನು ಅವರ ಉಚ್ಚಾರ ಅಣಕಿಸಿ ಅದನ್ನೇ ತಿರುಗಿ ಹೇಳಿದೆ. ಇಡೀ ಕೋರ್ಟ್ ಹಾಲು ನಕ್ಕಿತು. ಅವರು ಸುಮ್ನೆ ಕೈಬಳೆ ತಿರುಗಿಸುತ್ತಾ ನಿಂತರು. ಕೇಸು ಗೆದ್ದೆ. ಸಂಜೆ ನಮ್ಮ ಸೀನಿಯರು ಮಸಾಲೆ ದೋಸೆ ಕೊಡಿಸಿದರು, ತಿಂದೆ. ಮಳೆಯ ಲೆಕ್ಕ ಸರಿಯಾಗಿಯೇ ಇತ್ತು ಅಂತ ನನಗೆ ಅವತ್ತೇ ಗೊತ್ತಿತ್ತು.

ಹಿರಿಯರು ನಿನ್ನೆ ಗುಂಪಿನಲ್ಲಿ ಮೆಸೇಜು ಹಾಕಿದ್ದಾರೆ. ಮುಂದಿನ ತಿಂಗಳು "ಏನಾದರೂ ಲೈಟಾಗಿ" ಇರಲಿ, ಕಾಮಿಡಿ ಹಾಕೋಣ ಅಂತ. ಕೆಳಗೆ ಇಪ್ಪತ್ತು ಹೆಬ್ಬೆಟ್ಟು. ಆ ಪಿಯುಸಿ ಹುಡುಗಿ ಮಾತ್ರ ಬೇರೆಯಾಗಿ ನನಗೆ ಮೆಸೇಜು ಮಾಡಿ, ಆ ಜ್ಯೂರಿ ಪುಸ್ತಕ ಈಗ ಎಲ್ಲಿದೆ ಆಂಟಿ ಅಂತ ಕೇಳಿದ್ದಾಳೆ. ಭಾನುವಾರ ಮನೆಗೆ ಬಾ ಅಂದಿದ್ದೇನೆ. ಕಾಮಿಡಿಗೂ ಹೋಗುತ್ತೇನೆ. ವಡೆ ಚೆನ್ನಾಗಿತ್ತು.