ಮೊಟ್ಟೆಯ ಹಸಿರು ಉಂಗುರ ವಿಷವಲ್ಲ: ಒಂದು ಸ್ಪಷ್ಟನೆ

ಚಿಕ್ಕಮಗಳೂರಿನ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಸುತ್ತುತ್ತಿದೆ. ಬೇಯಿಸಿದ ಮೊಟ್ಟೆಯ ಹಳದಿ ಸುತ್ತ ಹಸಿರು ಕಂಡರೆ ಅದು ಕೆಟ್ಟ ಮೊಟ್ಟೆ, ತಿಂದರೆ ವಿಷ ಅಂತ. ಇದು ತಪ್ಪು. ಮೊನ್ನೆ ಪಕ್ಕದ ಮನೆ ಅಕ್ಕ ಇದನ್ನು ನಂಬಿ, ಸಾರಿಗೆ ಅಂತ ಬೇಯಿಸಿದ್ದ ಆರೂ ಮೊಟ್ಟೆಗಳನ್ನು ತಿಪ್ಪೆಗೆ ಸುರಿದರು. ನೋಡಿ ಹೊಟ್ಟೆ ಉರಿಯಿತು.

ಹಸಿರು ಬರುವುದು ಜಾಸ್ತಿ ಹೊತ್ತು ಬೇಯಿಸಿದ್ದಕ್ಕೆ. ಬಿಳಿ ಭಾಗದಲ್ಲಿ ಗಂಧಕ ಇದೆ, ಹಳದಿಯಲ್ಲಿ ಕಬ್ಬಿಣ. ಬೆಂದಿದ್ದು ಅತಿಯಾದಾಗ ಎರಡೂ ಸೇರಿ ಹಳದಿಯ ಅಂಚಿನಲ್ಲಿ ಬೂದು ಮಿಶ್ರಿತ ಹಸಿರು ಪದರ ಕಟ್ಟುತ್ತದೆ. ನೋಡಲು ಚೆಂದ ಇಲ್ಲ, ಹಳದಿ ಪುಡಿಪುಡಿ ಆಗಿರುತ್ತದೆ, ಅಷ್ಟೇ. ಧಾರಾಳವಾಗಿ ತಿನ್ನಬಹುದು.

ಹಸಿರು ಬಾರದಿರಲು ಹೀಗೆ ಮಾಡಿ. ನೀರು ಕುದಿ ಬಂದ ಮೇಲೆ ಮೊಟ್ಟೆಯನ್ನು ಸೌಟಿನಲ್ಲಿ ಮೆಲ್ಲಗೆ ಇಳಿಸಿ, ಉರಿ ಸಣ್ಣ ಮಾಡಿ. 11-12 ನಿಮಿಷ ಸಾಕು. ನಮ್ಮೂರು ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿದೆ, ಅಲ್ವಾ? ಇಲ್ಲಿ ನೀರು 96-97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಮಂಗಳೂರಿನವರು ಹೇಳುವ ಲೆಕ್ಕಕ್ಕಿಂತ ಒಂದು ನಿಮಿಷ ಹೆಚ್ಚು ಬಿಡಿ. ತೆಗೆದ ತಕ್ಷಣ ತಣ್ಣೀರಿಗೆ ಹಾಕಿ. ಇದನ್ನು ಮಾತ್ರ ಮರೆಯಬೇಡಿ. ಬಿಸಿನೀರಲ್ಲೇ ಬಿಟ್ಟರೆ, ಒಲೆ ಆರಿಸಿದ ಮೇಲೂ ಒಳಗೆ ಬೇಯುತ್ತಲೇ ಇರುತ್ತದೆ.

ನೀರಲ್ಲಿ ತೇಲುವ ಹಸಿ ಮೊಟ್ಟೆ ವಿಷ ಅಂತಲೂ ಅದೇ ಸಂದೇಶದಲ್ಲಿದೆ. ತೇಲಿದರೆ ಮೊಟ್ಟೆ ಹಳೆಯದು ಎಂದಷ್ಟೇ ಅರ್ಥ. ದಿನ ಕಳೆದಂತೆ ಒಳಗಿನ ಗಾಳಿಯ ಜಾಗ ದೊಡ್ಡದಾಗುತ್ತದೆ. ಬೇರೆ ಬಟ್ಟಲಲ್ಲಿ ಒಡೆದು ಮೂಸಿ ನೋಡಿ. ಕೊಳೆತಿದ್ದರೆ ನಾತ ಮೂಗಿಗೆ ಹೊಡೆಯುತ್ತದೆ, ಆಗ ಎಸೆಯಿರಿ.