ಕಣ್ಣಿನ ಕುರುವನ್ನು ಉಷ್ಣದ ತಲೆಗೆ ಕಟ್ಟಿ ಸುಮ್ಮನಾಗಬೇಡಿ

ರೆಪ್ಪೆ ಮೇಲೆ ಕುರು ಎದ್ದರೆ ನಮ್ಮ ಮಂಡ್ಯ ಕಡೆ ಯಾರೂ ಕಾರಣ ಕೇಳುವುದಿಲ್ಲ. ಉಷ್ಣ ಅಂದುಬಿಟ್ಟರೆ ಮುಗಿಯಿತು. ತಲೆಗೆ ಹರಳೆಣ್ಣೆ ಒತ್ತುತ್ತಾರೆ, ಎಳನೀರು ಕುಡಿಸುತ್ತಾರೆ, ಕೋಳಿ ಸಾರು ಬಿಡಿಸುತ್ತಾರೆ. ಅಷ್ಟರಲ್ಲಿ ಕುರು ಒಡೆದು ಹೋಗುತ್ತದೆ, ಎಳನೀರಿಗೆ ಒಳ್ಳೆಯ ಹೆಸರು ಬರುತ್ತದೆ. ಎಳನೀರು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಹೆಚ್ಚಿನ ಕುರುಗಳು ಏನೂ ಮಾಡದಿದ್ದರೂ ಒಂದೆರಡು ವಾರದಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ನನ್ನ ತಕರಾರು ಬೇರೆ. ಉಷ್ಣ ಅಂದ ಮೇಲೆ ಯಾರೂ ಮುಂದೆ ಹುಡುಕುವುದಿಲ್ಲ. ಕುರು ಮತ್ತೆ ಮತ್ತೆ ಬಂದರೂ ಹುಡುಕುವುದಿಲ್ಲ.

ನಾನು ಹಳ್ಳಿ ಶಾಲೆಯಲ್ಲಿ ಪಾಠ ಮಾಡುವವಳು. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗನಿಗೆ ಒಂದು ಕುರು ಇಳಿಯುವಷ್ಟರಲ್ಲಿ ಇನ್ನೊಂದು ಏಳುತ್ತಿತ್ತು. ‘ಉಷ್ಣ ಆಗೈತೆ ಮೇಡಂ, ದಿನಾ ಎಣ್ಣೆ ಒತ್ತಿವ್ನಿ’ ಅನ್ನುತ್ತಿದ್ದರು ಅವನ ಅಜ್ಜಿ. ಕ್ಲಾಸಿನಲ್ಲಿ ಅವನನ್ನು ನೋಡುತ್ತಾ ಕೂತರೆ ಕಾಣುತ್ತಿದ್ದುದೇ ಬೇರೆ. ಬೋರ್ಡ್ ಕಡೆ ಕಣ್ಣು ಕಿರಿದು ಮಾಡಿ ನೋಡುವನು, ಎರಡು ಸಾಲು ಬರೆಯುವನು, ಮುಷ್ಟಿಯಿಂದ ಕಣ್ಣು ಉಜ್ಜುವನು. ಆಗಷ್ಟೇ ಗೋಲಿ ಆಡಿ ಬಂದ ಕೈ, ಉಗುರಿನ ಸಂದಿಯಲ್ಲೆಲ್ಲ ಮಣ್ಣು. ಪರೀಕ್ಷೆ ಮಾಡಿಸಿದಾಗ ದೂರದ್ದು ಅವನಿಗೆ ಸರಿಯಾಗಿ ಕಾಣುವುದಿಲ್ಲ ಅಂತ ಗೊತ್ತಾಯಿತು. ಕನ್ನಡಕ ಬಂದ ಮೇಲೆ ಉಜ್ಜುವುದು ಕಮ್ಮಿಯಾಯಿತು, ಕುರುವೂ ನಿಂತಿತು. ಅಲ್ಲಿಯವರೆಗೆ ಪಾಪ, ಬೋರ್ಡ್ ಕಾಣದೆ ಎಷ್ಟು ಪಾಠ ತಪ್ಪಿಸಿಕೊಂಡನೋ.

ಈ ಕುರು ಆಗುವುದು ಹೀಗೆ. ನಮ್ಮ ರೆಪ್ಪೆಯೊಳಗೆ ಸಾಲಾಗಿ ಎಣ್ಣೆ ಗ್ರಂಥಿಗಳಿವೆ. ಮೇಲಿನ ರೆಪ್ಪೆಯಲ್ಲಿ ಸುಮಾರು 30ರಿಂದ 40, ಕೆಳಗಿನದರಲ್ಲಿ 20ರಿಂದ 30. ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್ 1666ರಲ್ಲೇ ಇವುಗಳ ಬಗ್ಗೆ ಬರೆದ, ಹಾಗಾಗಿ ಮೈಬೋಮಿಯನ್ ಗ್ರಂಥಿ ಅನ್ನುತ್ತಾರೆ. ಕಣ್ಣೀರು ಬೇಗ ಆರದಂತೆ ಕಾಯುವುದು ಇದೇ ಎಣ್ಣೆ. ರೆಪ್ಪೆಗೂದಲ ಬುಡದಲ್ಲೂ ಇನ್ನಷ್ಟು ಸಣ್ಣ ಗ್ರಂಥಿಗಳಿವೆ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವ ಹಾಗೆ ಈ ಎಣ್ಣೆ ಗಟ್ಟಿಯಾಗಿ ಬಾಯಿ ಕಟ್ಟಿಕೊಂಡರೆ, ಸ್ಟೆಫೈಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಒಳಗೆ ಬೆಳೆದು ಕೀವಾಗುತ್ತದೆ. ಅದು ಎಲ್ಲಿಂದಲೋ ಬರುವುದಲ್ಲ. ಎಷ್ಟೋ ಜನರ ಚರ್ಮದ ಮೇಲೆ, ಮೂಗಿನೊಳಗೆ ಮೊದಲೇ ಇರುತ್ತದೆ. ಕಣ್ಣಿಗೆ ತಲುಪಿಸುವುದು ನಮ್ಮ ಕೈ.

ಕೈ ಅಂದರೆ ಮಕ್ಕಳದ್ದು ಮಾತ್ರ ಅಲ್ಲ. ಕಬ್ಬು ಕಡಿಯುವವರ ಮೇಲೆ ರವದಿ (ಕಬ್ಬಿನ ಒಣಗಿದ ಗರಿ) ಧೂಳು ಸುರಿಯುತ್ತದೆ, ಆಲೆಮನೆಯಲ್ಲಿ ಹೊಗೆ. ಕಣ್ಣು ಉರಿದಾಗ ಸಿಕ್ಕಿದ ಟವೆಲ್‌ನಲ್ಲಿ ಒರೆಸಿಕೊಳ್ಳುತ್ತಾರೆ, ಆ ಟವೆಲ್ ಬೆವರು ಕುಡಿದಿರುತ್ತದೆ. ಇನ್ನು ಕಾಡಿಗೆ. ಒಂದೇ ಡಬ್ಬಿ, ಒಂದೇ ಬೆರಳು, ಮನೆಯ ಮಕ್ಕಳಿಗೆಲ್ಲ ಅದೇ. ಕುರು ಇರುವವರ ಕಾಡಿಗೆ, ಟವೆಲ್, ದಿಂಬಿನ ಕವರ್ ಬೇರೆ ಇಡಿ. ಕಾಲೇಜು ಹುಡುಗಿಯರೇ, ಮಸ್ಕಾರ ಮೂರು ತಿಂಗಳಿಗಿಂತ ಜಾಸ್ತಿ ಇಟ್ಟುಕೊಳ್ಳಬೇಡಿ, ಹಚ್ಚಿಕೊಂಡೇ ಮಲಗಬೇಡಿ. ರೆಪ್ಪೆಗೂದಲ ಬುಡದಲ್ಲಿ ಹೊಟ್ಟಿನ ಥರ ಪುಡಿ ಕಟ್ಟುವವರಿಗೂ ಇದು ಪದೇ ಪದೇ ಬರುತ್ತದೆ. ದೊಡ್ಡವರಿಗೆ ಬಿಟ್ಟೂ ಬಿಟ್ಟೂ ಬರುತ್ತಿದ್ದರೆ ಒಮ್ಮೆ ಶುಗರ್ ಚೆಕ್ ಮಾಡಿಸಲೇಬೇಕು.

ಉಷ್ಣದ ಮಾತಿಗೆ ಮತ್ತೆ ಬರುತ್ತೇನೆ. ಈ ಕುರುವಿಗೆ ಕಣ್ಣಿನ ಡಾಕ್ಟರು ಮೊದಲು ಹೇಳುವುದೇ ಬಿಸಿ ಶಾಖ. ಶುಭ್ರವಾದ ಬಟ್ಟೆಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲೆ 10 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಗಟ್ಟಿಯಾದ ಎಣ್ಣೆ ಕರಗಿ ದಾರಿ ಬಿಡುತ್ತದೆ. ಮೈಯ ಉಷ್ಣದಿಂದಲೇ ಬಂದದ್ದಾದರೆ ಬಿಸಿಗೆ ಇಳಿಯಬಾರದಿತ್ತು, ಅಲ್ವಾ? ಅಂಗೈ ಉಜ್ಜಿ ಬೆರಳಿನ ಬಿಸಿ ಮುಟ್ಟಿಸುತ್ತಿದ್ದ ನಮ್ಮ ಹಿರಿಯರಿಗೆ ಇದು ಒಂದಿಷ್ಟು ತಿಳಿದಿತ್ತು ಅನ್ನಿಸುತ್ತದೆ. ಆ ಬೆರಳಿನ ಬದಲು ತೊಳೆದ ಬಟ್ಟೆ ಇರಲಿ, ಅಷ್ಟೇ.

ಆದರೆ ಕುರುವಿಗೆ ಸುಣ್ಣ ಹಚ್ಚುವುದನ್ನು ಮಾತ್ರ ಒಪ್ಪಲಾರೆ. ಕೈ ಮುಗಿದು ಕೇಳುತ್ತೇನೆ, ಎಲೆ ಅಡಿಕೆ ಸುಣ್ಣವನ್ನು ಕಣ್ಣಿನ ಹತ್ತಿರ ತರಬೇಡಿ. ಅದು ಸುಡುವ ಕ್ಷಾರ. ಮಗು ಕಣ್ಣು ಉಜ್ಜಿ ಒಂದು ಚೂರು ಒಳಗೆ ಹೋದರೆ ಕರಿಗುಡ್ಡೆ ಮೇಲಿನ ಪಾರದರ್ಶಕ ಪದರ ಸುಟ್ಟು, ಕುರುಡಾಗುವವರೆಗೂ ಹೋಗಬಹುದು. ತಪ್ಪಿ ಬಿದ್ದರೆ ಕೂಡಲೇ ಧಾರಾಳವಾಗಿ ನೀರು ಬಿಟ್ಟು ತೊಳೆಯುತ್ತಲೇ ಆಸ್ಪತ್ರೆಗೆ ಓಡಿ. ಕುರುವನ್ನು ಹಿಂಡಬೇಡಿ, ಕೀವು ಪಕ್ಕಕ್ಕೆ ಹರಡುತ್ತದೆ. ಮೆಡಿಕಲ್ ಸ್ಟೋರ್‌ನಲ್ಲಿ ಸುಮ್ನೆ ಯಾವುದೋ ಡ್ರಾಪ್ಸ್ ತಂದು ಬಿಡಬೇಡಿ, ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಏರಬಹುದು.

ಊತ ಕೆನ್ನೆಗೆ ಇಳಿದರೆ, ಜ್ವರ ಬಂದರೆ, ದೃಷ್ಟಿ ಮಂಜಾದರೆ, ಕಣ್ಣು ಆಡಿಸಿದಾಗ ನೋವಾದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ವಯಸ್ಸಾದವರಿಗೆ ಒಂದೇ ಜಾಗದಲ್ಲಿ ಗಂಟು ಮತ್ತೆ ಮತ್ತೆ ಎದ್ದರೆ ಅದನ್ನು ಕುರು ಅಂತ ಬಿಡಬೇಡಿ. ಅಪರೂಪಕ್ಕೆ ಅದು ಕ್ಯಾನ್ಸರ್ ಇರಬಹುದು.

ತಾಯಂದಿರೇ, ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ತಪಾಸಣೆಗೆ ಬರುತ್ತದೆ. ಕಣ್ಣಿನಲ್ಲಿ ಕುರು ಇದೆ ಅಂತ ಅವತ್ತು ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಎಷ್ಟು ಸಲ ಬಂದಿತ್ತು ಅಂತ ಒಂದು ಚೀಟಿಯಲ್ಲಿ ಬರೆದು ಕಳಿಸಿ, ನಾವು ಟೀಚರ್‌ಗಳು ತೋರಿಸುತ್ತೇವೆ.